ಒಂದೇ ಬಸಿರಿನ ಇಬ್ಬರು

ಎಪ್ಪತ್ತಾರರ ಬೇಸಿಗೆ. ಬಾಗೂರಿನ ಹಳ್ಳದಲ್ಲಿ ಮೊಣಕಾಲುದ್ದದ ನೀರು. ಅಷ್ಟು ನೀರಲ್ಲೇ ಸಿದ್ದಕ್ಕ ಬೋರಲು ಬಿದ್ದು ಸತ್ತಿದ್ದಳು. ಪಕ್ಕದಲ್ಲಿ ತೊಳೆಯಲು ತಂದ ಕುರಿಯುಣ್ಣೆಯ ಬುಟ್ಟಿ.

ಹೊಸದುರ್ಗದಿಂದ ಬಂದ ಸಬ್‌ಇನ್ಸ್‌ಪೆಕ್ಟರ್ ಈರಬಸಪ್ಪನಿಗೆ ಇಡೀ ಊರು ತೋರಿಸಿದ್ದು ಒಬ್ಬನನ್ನೇ. ಗಂಡ ರಂಗಯ್ಯ. ಹಿಂದಿನ ದಿನ ಇದೇ ದಂಡೆಯಲ್ಲಿ ಅವಳ ಕೈ ಹಿಡಿದು ಎಳೆದಾಡಿದ್ದ.

"ಎಳೆದಿದ್ದು ಹೌದು ಸ್ವಾಮಿ. ತವರಿಗೆ ಬಂದಾಗಿಂದ ಹುಷಾರಿರ್ಲಿಲ್ಲ. ಮನಿಗೆ ಹೋಗಾಣ ಅಂದೆ. ತಂಗಿ ನಿಶ್ಚಯ ಮುಗೀಲಿ ಅಂದ್ಲು."

"ಏನಪ್ಪ ಕಾಯಿಲೆ?"

ರಂಗಯ್ಯ ಅತ್ತೆಯ ಮುಖ ನೋಡಿದ.

"ನಮ್ಮ ವಂಶದಾಗೆ ಯಾವ ಕಾಯಿಲೇನೂ ಇಲ್ಲ," ಎಂದಳು ಅತ್ತೆ ಬೊಮ್ಮಕ್ಕ. ಅವಳ ಪಕ್ಕದಲ್ಲಿ ಸಿದ್ದಕ್ಕನ ಅವಳಿ ತಂಗಿ ಮಲ್ಲಕ್ಕ ನಿಂತಿದ್ದಳು. ಹೆಣದ್ದೇ ಮೂಗು, ಹೆಣದ್ದೇ ಕಣ್ಣು.

* * *

ಕೊರಳ ಮೇಲೆ ಬೆರಳ ಗುರುತಿರಲಿಲ್ಲ. ಆದರೆ ನಾಲಿಗೆ ಅವಳದೇ ಹಲ್ಲಿಗೆ ಸಿಕ್ಕಿ ತುಂಡಾಗಿತ್ತು. ಜೀಪಿನಲ್ಲಿ ರಂಗಯ್ಯ ಬಾಯಿಬಿಟ್ಟ.

"ಫಿಟ್ಸು ಸ್ವಾಮಿ. ದುರ್ಗದ ಡಾಕ್ಟ್ರ ಗುಳಿಗೆ ನುಂಗ್ತಿದ್ಲು, ತವರಿಗೆ ಬಂದ ಮ್ಯಾಲೂ ಬಿಟ್ಟಿರ್ಲಿಲ್ಲ. ಮದ್ವಿ ಆದಾಗಿಂದ ಒಂದ್ ಸಲಾನೂ ಬಿದ್ದಿಲ್ಲ. ಹೊರಗೆ ಗೊತ್ತಾದ್ರೆ ಮಲ್ಲಿ ಸಂಬಂಧ ಮುರೀತೈತೆ ಅಂತ ಅತ್ತೆ ಆಣೆ ಹಾಕಿಸ್ಕಂಡಿದ್ಲು."

ಚಿತ್ರದುರ್ಗದ ಡಾಕ್ಟರು ಮೂರ್ತಪ್ಪ ತಲೆಯಾಡಿಸಿದರು. "ಗುಳಿಗೆ ದಿಢೀರ್ ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ ಬರುತ್ತೆ."

"ನಿಲ್ಲಿಸಿಲ್ಲವಂತೆ. ತಂಗಿಗೂ ಇದೆಯೇ?" ಎಂದ ಈರಬಸಪ್ಪ.

"ಇಲ್ಲ, ಅವಳನ್ನೂ ನೋಡಿದ್ದೇನೆ. ಬೀಜ ಒಂದೇ. ಆದರೆ ಬೀಜದಲ್ಲಿರೋದೆಲ್ಲ ಮೊಳೆಯಲ್ಲ. ಚಿಕ್ಕಂದಿನಲ್ಲಿ ಅಕ್ಕನಿಗೆ ಮಿದುಳಿಗೇರೋ ಜ್ವರ ಬಂದಿತ್ತು, ತಂಗಿಗೆ ಬರಲಿಲ್ಲ. ಒಬ್ಬಳಲ್ಲಿ ಬದುಕು ಏನನ್ನೋ ಎಬ್ಬಿಸಿತು. ಇನ್ನೊಬ್ಬಳಲ್ಲಿ ಅದು ಮಲಗೇ ಇದೆ. ಹೇಗೆ ಅಂತ ನಮಗೂ ಪೂರ್ತಿ ತಿಳಿಯದು. ಇದಕ್ಕೆ ವಂಶಾನ ದೂರೋ ಹಾಗಿಲ್ಲ."

ಈರಬಸಪ್ಪ ಅಂಥದೇ ಒಂದು ಗುಳಿಗೆ ಕೇಳಿ ಪಡೆದ.

* * *

ಮರಣೋತ್ತರ ಪರೀಕ್ಷೆ ಮುಗಿದು ಹೆಣ ಊರಿಗೆ ಮರಳಿತ್ತು. ಬೊಮ್ಮಕ್ಕನ ಅಂಗಳದಲ್ಲಿ ಅರ್ಧ ನೇಯ್ದ ಕಂಬಳಿ, ನೂಲಿಗೆ ಬಳಿಯುವ ಹುಣಸೆ ಬೀಜದ ಅಂಟಿನ ಮಡಕೆ. ಮಲ್ಲಕ್ಕನ ನಿಶ್ಚಯಕ್ಕೆ ಬರಬೇಕಿದ್ದ ಹಿರೇಗುಂಟನೂರಿನ ಬೀಗರೂ ಬಂದು ಕೂತಿದ್ದರು.

"ಸಿದ್ದಕ್ಕನ ಗುಳಿಗೆ ಡಬ್ಬಿ ತರ್ರಿ," ಎಂದ ಈರಬಸಪ್ಪ.

"ಯಾವ ಡಬ್ಬಿ?" ಎಂದಳು ಬೊಮ್ಮಕ್ಕ.

ಮಲ್ಲಕ್ಕ ಒಳಗಿನಿಂದ ತಂದುಕೊಟ್ಟಳು. "ಅವ್ವನೇ ದಿನಾ ಅಕ್ಕನ ಕೈಗೆ ಹಾಕ್ತಿದ್ಲು."

ಈರಬಸಪ್ಪ ಎರಡು ಲೋಟ ನೀರು ತರಿಸಿದ. ಡಾಕ್ಟರ ಗುಳಿಗೆ ಪುಡಿಯಾಗಿ ತಳ ಸೇರಿತು. ಡಬ್ಬಿಯದು ಊದಿಕೊಂಡಿತು. ಬೆರಳಲ್ಲಿ ಹಿಸುಕಿದರೆ ದಾರದಂತೆ ಎಳೆ ಬಿಟ್ಟಿತು. ಮಡಕೆಗೂ ಬೆರಳದ್ದಿದ. ಅದೇ ದಾರ.

"ರಂಗಯ್ಯನ ಮನೇಲಿ ಕಂಬಳಿ ನೇಯೋದಿಲ್ಲ, ಅಂಟೂ ಇಲ್ಲ. ಸಿದ್ದಕ್ಕನ ಆರೋಗ್ಯ ಕೆಟ್ಟಿದ್ದು ಇಲ್ಲಿಗೆ ಬಂದ ಮೇಲೆ. ಅಂಟು ಒಣಗಿಸಿ ಗುಳಿಗೆ ಮಾಡಿದ್ದು ನೀವೇ. ಬೊಮ್ಮಕ್ಕ, ಯಾಕೆ?"

ಬೊಮ್ಮಕ್ಕ ಮಡಕೆಯನ್ನು ಪಕ್ಕಕ್ಕೆ ಸರಿಸಿದಳು. "ಗುಳಿಗೆ ನುಂಗಿದ್ರೆ ತೂಕಡಿಸ್ತಿದ್ಲು, ನೋಡಿದೋರಿಗೆ ಕಾಯಿಲೆ ಅಂತ ಗೊತ್ತಾಗ್ತಿತ್ತು. ಅವಳಿ ಅಂದ ಮ್ಯಾಲೆ ಅಕ್ಕನ್ನ ನೋಡೇ ತಂಗೀನ ಒಪ್ತೀವಿ ಅಂದಿದ್ರು ಬೀಗ್ರು. ಅವ್ರು ಬಂದು ಹೋಗಾಗಂಟ ತಡಕಂತಾಳೆ ಅನ್ಕಂಡೆ. ಸಾಯ್ತಾಳೆ ಅಂತ ಯಾರಿಗೆ ಗೊತ್ತಿತ್ತು?"

ಡಾಕ್ಟರು ಅಂದದ್ದನ್ನು ಈರಬಸಪ್ಪ ಹೇಳಿದ. ವಂಶಾನ ದೂರೋ ಹಾಗಿಲ್ಲ, ಕಾಯಿಲೆ ಚಿಕ್ಕಂದಿನ ಜ್ವರದಿಂದ ಎದ್ದದ್ದು.

"ಅಂದ್ರೆ ಮುಚ್ಚಿಡಾದೇ ಬೇಕಿರ್ಲಿಲ್ವಾ?" ಎಂದಳು ಬೊಮ್ಮಕ್ಕ.

ಬೀಗರ ಹಿರಿಯ ಟವೆಲ್ ಕೊಡವಿ ಎದ್ದ. ಮಲ್ಲಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಕುಂತ್ಕಳ್ರಿ. ಅಕ್ಕ ಮಣ್ಣಾಗಾಗಂಟನಾದ್ರೂ ಕುಂತ್ಕಳ್ರಿ. ನೀವು ನೋಡ್ಬೇಕು ಅಂದಿದ್ದು ಅಕ್ಕನ್ನೇ ಅಲ್ವಾ?"