ಅಂಜಿನಕ್ಕನ ದನಿ

ಗೀತಾಂಜಲಿ ಚಪ್ಪಲಿ ಬಿಡುವುದನ್ನೂ ಮರೆತು ಪಡಸಾಲೆಗೆ ನುಗ್ಗಿದಾಗ ಶಿವಲೀಲಾ ಅಲ್ಲೇ ಕುಳಿತು ಗಂಗಾಂಬಿಕಾ ಅವರೊಂದಿಗೆ ಚಹಾ ಕುಡಿಯುತ್ತಿದ್ದಳು. ಪೊಲೀಸ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದ ಮೇಲೆ ಗಂಗಾಂಬಿಕಾ ಕೊಟ್ಟೂರಿನಲ್ಲಿ ನೆಲೆಸಿದ್ದರು. ಠಾಣೆ ಮೆಟ್ಟಿಲು ಹತ್ತಲು ಮನಸ್ಸಿಲ್ಲದವರು ಅವರ ಮನೆಗೆ ಬರುತ್ತಿದ್ದರು. ಪಕ್ಕದ ಮನೆಯ ಶಿವಲೀಲಾ ಕಾಲೇಜಿನ ಗ್ರಂಥಪಾಲಕಿ. ಇಂಥ ಹೊತ್ತಿನಲ್ಲಿ ಅವರ ಜೊತೆಗೆ ಹೊರಡುವುದು ಅವಳಿಗೆ ರೂಢಿಯಾಗಿತ್ತು.

"ಮೇಡಂ, ಅಂಜಿನಕ್ಕನ ದನಿ ಕಳುವಾಗೈತ್ರಿ!" ಎಂದಳು ಗೀತಾಂಜಲಿ.

ಚಿತ್ರ, ವಿಡಿಯೋ, ಸದ್ದು ಮೂರನ್ನೂ ಬೆಸೆದು ಕಲಾಕೃತಿ ಮಾಡುವವಳು ಅವಳು. ಊರಂಚಿನ ಹಳೆಯ ಶೇಂಗಾ ಗೋದಾಮಿನಲ್ಲಿ ಅವಳ ಪ್ರದರ್ಶನ ಆ ಸಂಜೆ ಶುರುವಾಗಬೇಕಿತ್ತು. ಗೋಡೆಯ ಮೇಲೆ ಉಜ್ಜಿನಿ ಕಡೆಯ ಕುರಿಗಾಹಿ ಮುದುಕಿ ಅಂಜಿನಕ್ಕನ ಆಳೆತ್ತರದ ಫೋಟೋಗಳು. ಪರದೆಯ ಮೇಲೆ ಅವಳು ಕುರಿ ಕರೆಯುತ್ತ ಗುಡ್ಡ ಇಳಿಯುವ ವಿಡಿಯೋ. ಮೂಲೆಗಳ ಸ್ಪೀಕರ್‌ಗಳಿಂದ ಅವಳ ಹಾಡು. ಅಂಜಿನಕ್ಕ ಹೋದ ವರ್ಷ ತೀರಿಕೊಂಡಿದ್ದಳು. ಈಗ ಆ ಹಾಡು ಇದ್ದ ಹಾರ್ಡ್ ಡಿಸ್ಕ್ ಕಾಣೆಯಾಗಿತ್ತು. ಲ್ಯಾಪ್‌ಟಾಪಿನಲ್ಲಿದ್ದ ಪ್ರತಿಯನ್ನೂ ಯಾರೋ ಅಳಿಸಿದ್ದರು.

"ನಿನ್ನೆ ಅಲ್ಲಿ ಯಾರ್‍ಯಾರು ಇದ್ರು?" ಎಂದು ಕೇಳಿದರು ಗಂಗಾಂಬಿಕಾ.

"ಸದ್ದಿನ ಕೆಲಸ ನೋಡೋ ಕ್ರಾಂತಿಕುಮಾರ್, ಗೋದಾಮಿನ ಮಾಲೀಕ ಮೈಲಾರೇಶ್, ಅಂಜಿನಕ್ಕನ ಮಗ ಪಾಲಾಕ್ಷಪ್ಪ. ನಾನು ನಡುವೆ ಹೊರಗ ಹೋಗಿದ್ದೆ. ವಾಪಸ್ ಬಂದು, ಡಿಸ್ಕ್ ಐತೋ ಇಲ್ಲೋ ನೋಡದಾ ಬೀಗ ಹಾಕಿದೆ."

"ಯಾರ ಮ್ಯಾಲ ಅನುಮಾನ?"

"ಪಾಲಾಕ್ಷಪ್ಪನ ಮ್ಯಾಲರಿ. ಸತ್ತ ಅವ್ವನ ದನಿ ಮಂದಿಗೆ ಕೇಳಿಸಬ್ಯಾಡ್ರಿ ಅಂತ ಮೊದಲಿಂದ ಜಗಳ ತೆಗೆದಿದ್ದ. ನಿನ್ನೆ ಇದ್ದಕ್ಕಿದ್ದಂಗ ಮನಸ್ಸು ತಿರುಗಿಸಿ, ಎಲ್ಲಾರಗಿಂತ ಮೊದಲು ನಾನಾ ಕೇಳ್ತೀನಿ ಅಂದ."

"ಎಲ್ಲಾರ ಮುಂದ ಅಂದ್ನೇನು?"

"ಹೂಂ ರಿ."

ಗೋದಾಮಿನಲ್ಲಿ ವಿಡಿಯೋ ಸದ್ದಿಲ್ಲದೆ ಓಡುತ್ತಿತ್ತು. ಅಂಜಿನಕ್ಕನ ಸೆರಗು ಗಾಳಿಗೆ ಪಟಪಟನೆ ಹಾರುತ್ತಿತ್ತು. ಹಾಡುತ್ತ ಹಾಡುತ್ತ ಅವಳು ಕ್ಯಾಮೆರಾದತ್ತ ತಿರುಗಿ ನಕ್ಕಾಗ ಶಿವಲೀಲಾಳಿಗೂ ನಗು ಬಂತು. ಮುದುಕಿಗೆ ಮೇಲಿನ ಮುಂದಿನ ಹಲ್ಲುಗಳೇ ಇರಲಿಲ್ಲ. ಗಂಗಾಂಬಿಕಾ ಆ ಭಾಗವನ್ನು ಮತ್ತೆ ಮತ್ತೆ ಹಾಕಿಸಿ ನೋಡಿದರು. ಫೋಟೋಗಳನ್ನು ಯಾರೂ ಮುಟ್ಟಿರಲಿಲ್ಲ.

"ಇಲ್ಲಿ ಮೆಕ್ಕಿಜೋಳ ತುಂಬೋದಿತ್ತು," ಎಂದು ಮೈಲಾರೇಶ್ ಬಾಗಿಲಲ್ಲಿ ನಿಂತು ಗೊಣಗಿದ. "ಈಗ ಕಳ್ಳ ಅನ್ನಿಸ್ಕೊಳ್ಳೋ ಹಂಗಾತು."

"ಪಾಲಾಕ್ಷಪ್ಪನ್ನ ಬಿಟ್ರ ಯಾರ್‍ರಿ ಇಂಥಾ ಕೆಲಸ ಮಾಡೋರು?" ಎಂದ ಕ್ರಾಂತಿಕುಮಾರ್, ವೈರು ಸುತ್ತುತ್ತ.

ಆಮಂತ್ರಣದ ಜೊತೆಗೆ ಬಂದಿದ್ದ ಹಾಡಿನ ತುಣುಕು ಶಿವಲೀಲಾಳ ಫೋನಿನಲ್ಲಿ ಉಳಿದಿತ್ತು. ಗಂಗಾಂಬಿಕಾ ಹೊರಗೆ ಬೇವಿನ ನೆರಳಿಗೆ ಹೋಗಿ ಅದನ್ನು ಹಾಕಿಸಿದರು. 'ಸಣ್ಣ ಮರಿಯೇ, ಸಂಜಿಯಾತು, ಸರಸರ ಬಾರೇ.' ಒಂದೊಂದು ಅಕ್ಷರವೂ ತೊಳೆದಿಟ್ಟಂತಿತ್ತು.

"ಎಷ್ಟು ಚಂದ ಹಾಡ್ಯಾಳ್ರಿ, ಗಂಗಕ್ಕ," ಎಂದಳು ಶಿವಲೀಲಾ.

"ಭಾಳ ಚಂದ ಹಾಡ್ಯಾಳ," ಎಂದ ಗಂಗಾಂಬಿಕಾ ಗೀತಾಂಜಲಿಯನ್ನು ಕರೆದು ಕಿವಿಯಲ್ಲಿ ಏನೋ ಹೇಳಿ ಮನೆಗೆ ಕಳಿಸಿದರು.

ಮಧ್ಯಾಹ್ನ ಎಲ್ಲರೂ ಗೋದಾಮಿನಲ್ಲಿ ಸೇರಿದರು. ಹೆಗಲ ಮೇಲೆ ಕಂಬಳಿ ಹೊತ್ತ ಪಾಲಾಕ್ಷಪ್ಪ ಯಾರ ಮುಖವನ್ನೂ ನೋಡದೆ ನಿಂತಿದ್ದ. ಗಂಗಾಂಬಿಕಾ ಫೋನಿನ ತುಣುಕು ಹಾಕಿದರು. ಅವನು ಹುಬ್ಬು ಗಂಟಿಕ್ಕಿದ.

"ಇದ್ಯಾರ್‍ರಿ? ನಮ್ಮವ್ವ ಅಲ್ಲ ಇದು."

ಗೀತಾಂಜಲಿ ಬೆಚ್ಚಿಬಿದ್ದಳು.

"ಪಾಲಾಕ್ಷಪ್ಪಗ ಸಿಟ್ಟಿದ್ದದ್ದು ಖರೆ," ಎಂದರು ಗಂಗಾಂಬಿಕಾ. "ಆದ್ರ ಸಿಟ್ಟಿಗೆದ್ದ ಮಗ ಅವ್ವನ ಫೋಟೋ, ವಿಡಿಯೋ ಎಲ್ಲಾ ಬಿಟ್ಟು ದನಿ ಒಂದಾ ಯಾಕ ಒಯ್ತಾನ? ಮೈಲಾರೇಶಗ ಜಾಗ ಬೇಕಿದ್ರ ಕದಿಯೋ ಗರಜಿಲ್ಲ, ಬೀಗ ತೆಗೀದಿದ್ರ ಸಾಕಾಗಿತ್ತು. ಲ್ಯಾಪ್‌ಟಾಪಿನ್ಯಾಗ ಆ ಹಾಡು ಎಲ್ಲಿ ಐತಿ ಅಂತ ಗೊತ್ತಿದ್ದವರು ಅಳಿಸ್ಯಾರ. ಜಗಳ ನಡೆದಾಗೆಲ್ಲಾ ಡಿಸ್ಕ್ ಇಲ್ಲೇ ಇತ್ತು. ಮಗ ಕೇಳ್ತೀನಿ ಅಂದ ದಿನಾನ ಮಾಯ ಆತು. ಅಂದ್ರ ಕಳ್ಳಗ ಹೆದರಿಕಿ ಇದ್ದದ್ದು ದನಿ ಗುರುತು ಹಿಡಿಯೋ ಕಿವಿದು."

ಅವರು ಪರದೆಯನ್ನು ತೋರಿಸಿದರು. "ಆ ಬಾಯಿ ನೋಡ್ರಿ. ಮುಂದಿನ ಹಲ್ಲಿಲ್ಲ. 'ಸ' ಅಂದಾಗೆಲ್ಲಾ ಗಾಳಿ ಸೋರಬೇಕು. ಈ ಹಾಡಿನ್ಯಾಗ ಒಂದಾದ್ರೂ ಸೋರೇತೇನು?"

"ನಂಗೂ ಬ್ಯಾರೆ ಅನ್ನಿಸಿತ್ತು," ಎಂದಳು ಗೀತಾಂಜಲಿ ಮೆಲ್ಲಗೆ. "ಗಾಳಿ ಸದ್ದು ತೆಗೆದ್ರ ದನಿ ಹಿಂಗಾ ತಿಳಿ ಆಗ್ತೈತಿ ಅಂದಿದ್ದ ಕ್ರಾಂತಿ. ನಂಬಿಬಿಟ್ಟೆ."

ಎಲ್ಲರೂ ತಿರುಗಿ ನೋಡಿದಾಗ ಕ್ರಾಂತಿಕುಮಾರ್ ಕೈಯಲ್ಲಿದ್ದ ವೈರು ಕೆಳಗಿಟ್ಟ. "ಅಕ್ಕನ ಖರೆ ಹಾಡು ಪ್ರತಿ ಮಾಡೋವಾಗ ಅಳಿಸಿಹೋತ್ರಿ," ಎಂದ. "ಅಷ್ಟೊತ್ತಿಗೆ ಅಕ್ಕ ಸತ್ತುಹೋಗಿದ್ಲು. ಗೀತಾಗ ಹೆಂಗ ಹೇಳ್ಲಿ? ಹಡಗಲಿ ಕಡೆ ಒಬ್ಬಾಕಿ ಹತ್ರ ಹಾಡಿಸಿದೆ. ಮಗ ಕೇಳಿದ್ರ ಸಿಕ್ಕಿಬೀಳ್ತೀನಿ ಅಂತ ಒಯ್ದೆ." ಬೈಕಿನ ಡಿಕ್ಕಿಯಿಂದ ಡಿಸ್ಕ್ ತಂದು ಗೀತಾಂಜಲಿಯ ಮುಂದಿಟ್ಟ. ಅವಳು ಅದನ್ನು ಮುಟ್ಟಲಿಲ್ಲ.

"ಹಂಗಾರ ಅವ್ವನ ದನಿ ಹೋದಂಗಾ?" ಎಂದ ಪಾಲಾಕ್ಷಪ್ಪ.

"ಹಾಡು ಹಿಡಿದದ್ದು ಕ್ರಾಂತಿ ಕೈಯಾಗಿನ ಮೈಕು," ಎಂದರು ಗಂಗಾಂಬಿಕಾ. "ಆದ್ರ ವಿಡಿಯೋ ತೆಗೆಯೋ ಕ್ಯಾಮೆರಾಕ್ಕೂ ಒಂದು ಮೈಕ್ ಇರ್ತೈತಲ್ಲ. ಅದಕ್ಕಾ ಮೂಲ ವಿಡಿಯೋ ತರಾಕ ಗೀತಾನ್ನ ಮನಿಗೆ ಕಳಿಸಿದ್ದೆ."

"ಅದ್ರಾಗ ಬರೀ ಗಾಳಿ ಐತ್ರಿ ಮೇಡಂ. ಆ ಸದ್ದು ಕೆಲಸಕ್ಕ ಬರಲ್ಲ ಅಂತ ಅವತ್ತಾ ಬಿಟ್ಟಿದ್ದೆ."

"ಹಾಕು."

ಸ್ಪೀಕರ್‌ಗಳಿಂದ ಗಾಳಿ ಭೋರೆಂದು ನುಗ್ಗಿತು. ಬಹಳ ಹೊತ್ತು ಬೇರೇನೂ ಕೇಳಿಸಲಿಲ್ಲ. ಆಮೇಲೆ ಅದರ ಹಿಂದೆಲ್ಲೋ ಸಣ್ಣಗೆ, ಸೀಟಿ ಹೊಡೆದಂತೆ ಸೋರುವ ಒಂದು 'ಸ', ಅದರ ಹಿಂದೆಯೇ ಇನ್ನೊಂದು. ಪಾಲಾಕ್ಷಪ್ಪ ಕಂಬಳಿಯನ್ನು ನೆಲಕ್ಕೆ ಹಾಸಿ ಕುಳಿತುಕೊಂಡ.

"ಗಾಳಿ ಕಮ್ಮಿ ಮಾಡಾಕ ಬರ್ತೈತೇನೋ ನೋಡ್ತೀನಿ ಅಣ್ಣ," ಎಂದಳು ಗೀತಾಂಜಲಿ.

"ಬ್ಯಾಡವ್ವ," ಎಂದ ಅವನು. "ಗುಡ್ಡದ ಆ ಕಡಿಂದ ಅವ್ವ ಕೂಗಿದ್ರ ಹಿಂಗಾ ಕೇಳಿಸ್ತಿತ್ತು."