ರುಕ್ಮಯ್ಯನವರ ಮಿಶನ್ ದೋಸೆ

“ದೊಡ್ಡ ಹಾರ ಮಿಶನಿಗೆ, ಸಣ್ಣದು ನಿನ್ನ ಅಮ್ಮನಿಗೆ. ಅದಲುಬದಲು ಮಾಡಬೇಡ ಮಾರಾಯ್ತಿ!” ಎಂದು ಹೋಟೆಲಿನ ಧಣಿ ರುಕ್ಮಯ್ಯನವರು ಕಾಂತಿಯ ಕಿವಿಯ ಹತ್ತಿರ ಬಗ್ಗಿ ಹೇಳಿದರು.

ಕಾಂತಿ ಎರಡೂ ಹಾರಗಳಿದ್ದ ಹರಿವಾಣ ಹಿಡಿದುಕೊಂಡು ನಿಂತಿದ್ದಳು. ಐದನೇ ಕ್ಲಾಸಿನ ಹುಡುಗಿಗೆ ದೊಡ್ಡದು ಯಾವುದು, ಸಣ್ಣದು ಯಾವುದು ಎಂದು ಗೊತ್ತಾಗುವುದಿಲ್ಲವೆ? ದೊಡ್ಡದರಲ್ಲಿ ಸೇವಂತಿಗೆ, ನಡುನಡುವೆ ಜರಿ. ಸಣ್ಣದರಲ್ಲಿ ಸೇವಂತಿಗೆ ಮುಗಿದ ಮೇಲೆ ಉಳಿದ ಹೂವು.

ಮೂಡುಬಿದಿರೆಯ ಪೇಟೆಗೆ ಕರೆಂಟು ಬಂದು ಬಹಳ ಕಾಲವಾಗಿರಲಿಲ್ಲ. ಬಲ್ಬು ಉರಿಯುವುದನ್ನು ನೋಡಲಿಕ್ಕೇ ಜನ ಹೋಟೆಲಿಗೆ ಬಂದು ಒಂದು ಕಾಫಿಯನ್ನು ಅರ್ಧ ಗಂಟೆ ಕುಡಿಯುತ್ತಿದ್ದರು. ಹಾಗಿರುವಾಗ ಕರೆಂಟಿನಲ್ಲಿ ಅಕ್ಕಿ ಕಡೆದು ಹಿಟ್ಟು ಮಾಡುವ ಮಿಶನು, ಅದೂ ಕೊಯಮತ್ತೂರಿನಿಂದ ಬಂದದ್ದು! ನೋಡಲಿಕ್ಕೆ ಜನ ಬೆಂಚಿನ ಮೇಲೆ ಹತ್ತಿ ನಿಂತಿದ್ದರು.

ಕಾಂತಿಯ ಅಮ್ಮ ಸೇಸಮ್ಮ ಮಾತ್ರ ಅಡುಗೆಕೋಣೆಯ ಬಾಗಿಲಿನ ಹಿಂದೆ ನಿಂತಿದ್ದಳು. ಇಪ್ಪತ್ತಾರು ವರ್ಷ ಅವಳು ಅದೇ ಹೋಟೆಲಿನ ಹಿಂದುಗಡೆ ಕೂತು, ದೋಸೆಗೆ ಅಕ್ಕಿಯನ್ನೂ ಇಡ್ಲಿಗೆ ಉದ್ದನ್ನೂ ಕಲ್ಲಿನಲ್ಲಿ ಕಡೆದಿದ್ದಳು. ಇವತ್ತು ಅವಳು ರಿಟೈರ್. ಕಾಂತಿಯ ಅಣ್ಣನಿಗೆ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಸಿಕ್ಕಿದ ಮೇಲೆ, “ಭುಜ ನೋಯ್ತದೆ ಧಣಿಗಳೇ, ನನಗೆ ಇನ್ನು ಸಾಕು” ಎಂದು ಅವಳೇ ಹೇಳಿದ್ದಳು. ರುಕ್ಮಯ್ಯನವರು ಊರಿಗೆಲ್ಲ, “ಸೇಸಮ್ಮನಿಗೆ ವಿಶ್ರಾಂತಿ ಕೊಡಬೇಕು ಅಂತಲೇ ಮಿಶನ್ ತರಿಸಿದೆ” ಎಂದು ಹೇಳಿಕೊಂಡು ಬಂದಿದ್ದರು.

ಭಾಷಣ ಮಾಡಿದವರು ಕಾಂತಿಯ ಕ್ಲಾಸಿನ ಧರ್ಣಪ್ಪ ಮಾಷ್ಟ್ರು. ಅವರ ಭಾಷಣ ಆದಿಮಾನವನಿಂದ ಶುರುವಾಯಿತು. ಬೆಂಕಿ ಬಂತು, ಚಕ್ರ ಬಂತು, ಉಗಿಬಂಡಿ ಬಂತು, ವಿದ್ಯುಚ್ಛಕ್ತಿಯೂ ಬಂತು. ಸೇಸಮ್ಮ ಮಾತ್ರ ಬರಲಿಲ್ಲ. ರುಕ್ಮಯ್ಯನವರು ಹಿಂದಿನಿಂದ ಅವರ ಅಂಗಿ ಎಳೆದರು.

“ಹಾಗೆಯೇ,” ಎಂದರು ಮಾಷ್ಟ್ರು, “ಶಿಲಾಯುಗದ ಪ್ರತಿನಿಧಿಯಾಗಿ ಇಂದಿಗೂ ನಮ್ಮ ಮಧ್ಯೆ ಇರುವ ಸೇಸಮ್ಮನವರಿಗೂ ಶುಭವಾಗಲಿ!”

ಜನ ಚಪ್ಪಾಳೆ ತಟ್ಟಿದರು. ಅಮ್ಮ ನಕ್ಕಳು. ಕಾಂತಿಗೆ ಹರಿವಾಣವನ್ನು ಯಾರ ತಲೆಗಾದರೂ ಹಾಕುವ ಅನಿಸಿತು.

ಆಮೇಲೆ ಕಾಣಿಕೆ. ರುಕ್ಮಯ್ಯನವರು ಬಹಳ ಯೋಚನೆ ಮಾಡಿ, ಇನ್ನು ಹೋಟೆಲಿಗೆ ಬೇಡವಾದ ವಸ್ತುವೊಂದನ್ನು ಆರಿಸಿದ್ದರು. ಇಪ್ಪತ್ತಾರು ವರ್ಷ ಸೇಸಮ್ಮ ತಿರುಗಿಸಿದ ಆ ಕಡೆಯುವ ಕಲ್ಲನ್ನೇ ಅವಳಿಗೆ ಕೊಟ್ಟುಬಿಟ್ಟರು! ನಾಲ್ಕು ಜನ ಸೇರಿ ಕಲ್ಲನ್ನೂ ಅದರ ಗುಂಡನ್ನೂ ಮಮ್ಮುವಿನ ಎತ್ತಿನಗಾಡಿಗೆ ಏರಿಸಿದರು. ಮಮ್ಮು ಹೋಟೆಲಿಗೆ ಬಾಳೆಎಲೆ ತರುವವನು. “ಸೇಸಮ್ಮಕ್ಕ, ಬೇರೆಯವರಿಗೆ ಶಾಲು ಹೊದಿಸ್ತಾರೆ. ಇದನ್ನು ಹೊದೆಯುವುದು ಹೇಗೆ?” ಎಂದು ಕೇಳಿ ಅವನು ಗಾಡಿ ಹೊಡೆದ.

ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ರುಕ್ಮಯ್ಯನವರು ಮಿಶನಿನ ಸ್ವಿಚ್ಚು ಒತ್ತಿದರು. ಒಂದೊಂದೇ ಸೇರು ಅಕ್ಕಿ ಹಾಕಿ ಎಂದು ಮಿಶನು ತಂದವನು ಹೇಳಿದ್ದ. ಇಷ್ಟು ಜನರ ಎದುರು ಒಂದು ಸೇರಾ? ಅವರು ನೆನೆಸಿದ ಅಕ್ಕಿಯ ಇಡೀ ಪಾತ್ರೆಯನ್ನು ಬಗ್ಗಿಸಿದರು. ಮಿಶನು ‘ಗುಂಯ್’ ಎಂದಿತು. ಮತ್ತೆ ‘ಗರ್ರ್’ ಎಂದಿತು. ಆಮೇಲೆ ಏನೂ ಅನ್ನಲಿಲ್ಲ. ಏನೋ ಸುಟ್ಟ ವಾಸನೆ ಬಂತು.

“ಹೊಸ ಮಿಶನಿನ ವಾಸನೆಯೇ ಹಾಗೆ!” ಎಂದು ರುಕ್ಮಯ್ಯನವರು ಗಡಿಬಿಡಿಯಲ್ಲಿ ಎಲ್ಲರಿಗೂ ಕಾಫಿ ಕೊಡಿಸಿದರು.

ಮರುದಿನ ಮಧ್ಯಾಹ್ನ ಅವರು ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ಕಾಂತಿಯ ಮನೆಗೆ ಬಂದರು. ಮಳೆ ಇರಲಿಲ್ಲ, ಬಿಸಿಲೂ ಅಷ್ಟಿರಲಿಲ್ಲ. ಇಪ್ಪತ್ತಾರು ವರ್ಷ ‘ಏ ಸೇಸಮ್ಮ’ ಎಂದು ಕರೆಯುತ್ತಿದ್ದವರು ಅವತ್ತು, “ಸೇಸಮ್ಮಕ್ಕ ಇದ್ದೀರಾ?” ಎಂದರು.

ಅಮ್ಮ ಜಗಲಿಯಲ್ಲಿ ಕಾಲು ನೀಡಿ ಕೂತಿದ್ದವಳು ಎದ್ದಳು. ಅವಳ ವಿಶ್ರಾಂತಿಗೆ ಆಗ ಸರಿಯಾಗಿ ಒಂದು ದಿನವಾಗಿತ್ತು.

“ಮೋಟರು ಸುಟ್ಟುಹೋಯಿತು,” ಎಂದರು ರುಕ್ಮಯ್ಯನವರು ಮೆಲ್ಲಗೆ. “ಗೋಣಿಯಲ್ಲಿ ಸುತ್ತಿ ರಿಪೇರಿಗೆ ಮಂಗಳೂರಿಗೆ ಕಳಿಸಿದ್ದೇನೆ. ಇಷ್ಟು ದೊಡ್ಡ ಸಭೆ ಮಾಡಿ, ಬೋರ್ಡು ಬರೆಸಿ... ನನ್ನ ಮರ್ಯಾದೆ ಎಂತ ಆಗಬೇಕು? ಎಂಟು ದಿನ ಕಡೆದುಕೊಡಿ. ಕಲ್ಲು ಹೇಗೂ ಇಲ್ಲೇ ಉಂಟಲ್ಲ.”

“ಎಂಟೇ ದಿನ,” ಎಂದಳು ಅಮ್ಮ. “ಒಂಬತ್ತನೇ ದಿನ ಕಲ್ಲಿನ ಮುಂದೆ ನೀವೇ ಕೂತುಕೊಳ್ಳಬೇಕು.”

“ಆಯಿತು, ಆಯಿತು! ಆದರೆ ಯಾರಿಗೂ ಗೊತ್ತಾಗಬಾರದು.” ಅವರು ಕಾಂತಿಯ ಕಡೆಗೆ ತಿರುಗಿದರು. “ನಿನಗೂ ಹೇಳಿದ್ದು ಮಗಾ.”

ಅಮ್ಮ ಕಾಂತಿಯ ಕೈಯಿಂದ ಭಾಷೆ ತೆಗೆದುಕೊಂಡಳು. ಕಾಂತಿ ಕೊಟ್ಟಳು. ಕೊಡುವಾಗ ಅದು ಎಷ್ಟು ಕಷ್ಟದ್ದೆಂದು ಅವಳಿಗೆ ಗೊತ್ತಿರಲಿಲ್ಲ.

ಅವತ್ತಿನಿಂದ ಅಕ್ಕಿ, ಉದ್ದು ಗಾಡಿಯಲ್ಲಿ ಬಾಳೆಎಲೆಯ ಅಡಿಯಲ್ಲಿ ಬಂದವು. ಸಂಜೆ ಹಿಟ್ಟಿನ ಪಾತ್ರೆಗಳು ಬಾಳೆಎಲೆಯ ಅಡಿಯಲ್ಲೇ ಹೋದವು. “ಎಲೆಗೆ ಯಾಕೆ ಇಷ್ಟು ಭಾರ ಅಂತ ಎತ್ತು ನನ್ನನ್ನು ಕೇಳ್ತದೆ ಸೇಸಮ್ಮಕ್ಕ,” ಎನ್ನುತ್ತಿದ್ದ ಮಮ್ಮು. “ಎಂತ ಹೇಳಲಿ?”

“ಮಿಶನಿನಲ್ಲಿ ಮಾಡಿದ ಎಲೆ ಅಂತ ಹೇಳು,” ಎಂದಳು ಅಮ್ಮ.

ಹೋಟೆಲಿನ ಎದುರು ಬೋರ್ಡು ತೂಗುತ್ತಿತ್ತು: ‘ಇಲ್ಲಿ ಕೈ ಮುಟ್ಟದೆ ತಯಾರಿಸಿದ ಶುದ್ಧ ಮಿಶನ್ ದೋಸೆ ದೊರೆಯುತ್ತದೆ.’ ಒಳಗೆ ಮಿಶನು ಬಿಳಿ ಬಟ್ಟೆ ಹೊದ್ದುಕೊಂಡು, ಬಾಡಿದ ದೊಡ್ಡ ಹಾರ ಹಾಕಿಕೊಂಡು ಕೂತಿತ್ತು. ಯಾರಾದರೂ ಬಟ್ಟೆ ಎತ್ತಲಿಕ್ಕೆ ಹೋದರೆ ರುಕ್ಮಯ್ಯನವರು, “ಬೇಡ ಬೇಡ, ದೃಷ್ಟಿ ಆಗ್ತದೆ!” ಎಂದು ಓಡಿಬರುತ್ತಿದ್ದರು.

ಶಾಲೆಯಲ್ಲಿ ಕಾಂತಿಗೆ ಹೊಸ ಹೆಸರು ಬಂದಿತ್ತು. “ಏ ಶಿಲಾಯುಗ!” ಎಂದು ಕರೆದಳು ಅವಳ ಕ್ಲಾಸಿನ ಸ್ವರ್ಣಲತಾ. “ನಿನ್ನೆ ನಾವು ಮಿಶನ್ ದೋಸೆ ತಿಂದೆವು. ಎಷ್ಟು ನಯ ಗೊತ್ತುಂಟಾ? ಬೆಣ್ಣೆಯ ಹಾಗೆ! ನಿನ್ನ ಅಮ್ಮ ಕಡೆದದ್ದು ತರಿತರಿ ಇರ್ತಿತ್ತು ಅಂತ ನನ್ನ ಮಾವ ಹೇಳಿದ್ರು. ಅದಕ್ಕೇ ಅಂತೆ ತೆಗೆದುಹಾಕಿದ್ದು.”

“ಯಾರೂ ತೆಗೆದುಹಾಕಲಿಲ್ಲ! ಅಮ್ಮ ರಿಟೈರ್ ಆದದ್ದು!”

“ಪೆನ್ಶನ್ ಉಂಟಾ ಹಾಗಾದರೆ?”

“ಕಲ್ಲು ಉಂಟು,” ಎಂದಿತು ಹಿಂದಿನ ಬೆಂಚು. ಇಡೀ ಕ್ಲಾಸು ನಕ್ಕಿತು.

ಕಾಂತಿಯ ನಾಲಗೆಯ ತುದಿಗೆ ಎಲ್ಲವೂ ಬಂದಿತ್ತು. ಅವಳು ಸ್ಲೇಟಿನ ಅಂಚನ್ನು ಕಚ್ಚಿ ಹಿಡಿದಳು.

ಅವತ್ತೇ ಸಂಜೆ ‘ಉದ್ದು ಕಮ್ಮಿ ಉಂಟು’ ಎಂದು ಧಣಿಯ ಕಿವಿಯಲ್ಲಿ ಹೇಳಿ ಬಾ ಎಂದು ಅಮ್ಮ ಕಳಿಸಿದಳು. ಹೋಟೆಲಿನಲ್ಲಿ ಧರ್ಣಪ್ಪ ಮಾಷ್ಟ್ರು ಎರಡನೆಯ ದೋಸೆ ಮುಗಿಸಿ ಮೂರನೆಯದರಲ್ಲಿದ್ದರು. ಅವರ ಮುಖದಲ್ಲಿ ದುಃಖ ತುಂಬಿತ್ತು.

“ಎಂತ ಹೇಳಿ ರುಕ್ಮಯ್ಯನವರೇ, ಸೇಸಮ್ಮನ ಕೈಯ ರುಚಿ ಇದರಲ್ಲಿ ಇಲ್ಲ. ಮಿಶನಿಗೆ ಹೃದಯ ಉಂಟಾ? ನನಗೆ ಇದರಲ್ಲಿ ಕಬ್ಬಿಣದ ವಾಸನೆ ಬರ್ತದೆ. ಸಾಂಬಾರು ಸ್ವಲ್ಪ ಹಾಕಿ.”

ಕಾಂತಿ ಓಡುತ್ತ ಮನೆಗೆ ಬಂದಳು. ಅಮ್ಮ ಕಲ್ಲಿನ ಮುಂದೆ ಕೂತು ಬಲಗೈಯಲ್ಲಿ ಗುಂಡು ತಿರುಗಿಸುತ್ತ, ಎಡಗೈಯಲ್ಲಿ ಹಿಟ್ಟು ದೂಡುತ್ತಿದ್ದಳು.

“ಅಮ್ಮಾ, ನಾನು ನಾಳೆ ಎಲ್ಲರಿಗೂ ಹೇಳ್ತೇನೆ! ಚೆನ್ನಾಗಿದೆ ಅನ್ನುವವರು ಮಿಶನನ್ನು ಹೊಗಳ್ತಾರೆ. ಚೆನ್ನಾಗಿಲ್ಲ ಅನ್ನುವವರು ನೀನು ಸತ್ತುಹೋದ ಹಾಗೆ ಮಾತಾಡ್ತಾರೆ. ಕಬ್ಬಿಣದ ವಾಸನೆಯಂತೆ!”

“ಕಬ್ಬಿಣವಾ!” ಅಮ್ಮ ಗುಂಡು ನಿಲ್ಲಿಸಿ, ಕೈ ಮೂಸಿ ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ನಿನಗೆ ಸಿಟ್ಟು ಬರುವುದಿಲ್ಲವಾ?”

“ಈಗ ಕೈ ಖಾಲಿ ಇಲ್ಲ ಮಗಾ. ಇದೊಂದು ಮುಗಿಯಲಿ, ಆಮೇಲೆ ನೋಡುವ,” ಎಂದು ಅಮ್ಮ ಮತ್ತೆ ಗುಂಡು ತಿರುಗಿಸಿದಳು. ತಿರುಗಿಸುವಾಗ ಅವಳ ಭುಜ ಸ್ವಲ್ಪ ಮೇಲೆ ಹೋಗಿ ನಿಂತು, ಆಮೇಲೆ ಇಳಿಯುತ್ತಿತ್ತು. ಕಾಂತಿ ಅದನ್ನು ನೋಡಿಯೂ ತನ್ನ ಸಿಟ್ಟಿನಲ್ಲೇ ಇದ್ದಳು.

ಎಂಟು ದಿನ ಮುಗಿಯಿತು. ಮೋಟರು ಬರಲಿಲ್ಲ. ಒಂಬತ್ತನೆಯ ದಿನ, ಶನಿವಾರ ಮಧ್ಯಾಹ್ನ, ಬಾಳೆಎಲೆಯ ಜೊತೆಗೆ ರುಕ್ಮಯ್ಯನವರೂ ಗಾಡಿಯಲ್ಲಿ ಬಂದರು.

“ಸೇಸಮ್ಮಕ್ಕ, ಇನ್ನು ನಾಲ್ಕೇ ದಿನ...”

ಅಮ್ಮ ಕಲ್ಲಿನ ಹತ್ತಿರ ಮಣೆ ಇಟ್ಟಳು. ರುಕ್ಮಯ್ಯನವರು ಮಣೆಯನ್ನು ನೋಡಿದರು. ಅಮ್ಮನನ್ನು ನೋಡಿದರು. ಬೇರೆ ಯಾರನ್ನಾದರೂ ಕರೆದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಅವರು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು.

“ಅಕ್ಕಿ ಇಡೀ ಬಗ್ಗಿಸಬೇಡಿ, ಮುಷ್ಟಿ ಮುಷ್ಟಿ ಹಾಕಿ,” ಎಂದಳು ಅಮ್ಮ ಜಗಲಿಯಿಂದ. “ನೀರು ಜಾಸ್ತಿ ಆಯಿತು. ಬಲಕ್ಕೆ, ಬಲಕ್ಕೆ ತಿರುಗಿಸಿ ಧಣಿಗಳೇ.”

“ತಿರುಗಿಸ್ತಾನೇ ಇದ್ದೇನಲ್ಲ!”

“ತಿರುಗುವುದು ನೀವು, ಗುಂಡು ಅಲ್ಲೇ ಉಂಟು.”

ಮೂರು ಗಂಟೆಗೆ ಕೂತವರು ಐದು ಗಂಟೆಯ ಹೊತ್ತಿಗೆ ಮುಕ್ಕಾಲು ಪಾತ್ರೆ ಹಿಟ್ಟು ಮಾಡಿದರು. ಅದರಲ್ಲಿ ಅರ್ಧ ಹಿಟ್ಟು, ಅರ್ಧ ಅಕ್ಕಿ. ಎದ್ದು ನಿಲ್ಲಲಿಕ್ಕೆ ಮಮ್ಮು ಕೈ ಕೊಡಬೇಕಾಯಿತು. “ಇಪ್ಪತ್ತಾರು ವರ್ಷ ಇದನ್ನಾ?” ಎಂದು ರುಕ್ಮಯ್ಯನವರು ಯಾರನ್ನೂ ನೋಡದೆ ಕೇಳಿದರು.

ಮರುದಿನ ಆದಿತ್ಯವಾರ. ಅಮ್ಮ ಬೆಳಿಗ್ಗೆ ಮಿಂದು, ಮದುವೆಮನೆಗೆ ಉಡುವ ಸೀರೆ ಉಟ್ಟುಕೊಂಡು, “ಬಾ, ಚಾ ಕುಡಿಯುವ,” ಎಂದು ಕಾಂತಿಯನ್ನು ಹೋಟೆಲಿಗೆ ಕರೆದುಕೊಂಡು ಹೋದಳು. ಹಿಂದಿನ ಬಾಗಿಲಿಗಲ್ಲ, ಬೋರ್ಡು ತೂಗುವ ಎದುರಿನ ಬಾಗಿಲಿಗೆ. ಇಬ್ಬರೂ ಗೋಡೆ ಬದಿಯ ಬೆಂಚಿನಲ್ಲಿ ಕೂತರು. ಚಾದ ಜೊತೆಗೆ ದೋಸೆಯೂ ಬಂತು. ಹೋಟೆಲಿನ ದೋಸೆಯನ್ನು ಅಮ್ಮ ಕೂತು ತಿನ್ನುವುದನ್ನು ಕಾಂತಿ ಒಂದು ದಿನವೂ ನೋಡಿರಲಿಲ್ಲ.

ಪಕ್ಕದ ಟೇಬಲಿನಲ್ಲಿ ಧರ್ಣಪ್ಪ ಮಾಷ್ಟ್ರು ದೋಸೆಯ ಮೊದಲ ತುಂಡು ಬಾಯಿಗೆ ಹಾಕಿದರು. ಕಟುಂ ಎಂದಿತು. ಅವರು ಕಣ್ಣು ಮುಚ್ಚಿದರು.

“ಇದು!” ಎಂದರು. “ಇದು ಸೇಸಮ್ಮನ ಕೈ! ರುಕ್ಮಯ್ಯನವರೇ, ಅಂತೂ ನಿಮ್ಮ ಮಿಶನಿಗೆ ಸೇಸಮ್ಮನ ಕೈ ಬಂತು! ಓ, ಸೇಸಮ್ಮ ಇಲ್ಲೇ ಇದ್ದಾಳಲ್ಲ! ನೀನೇ ಹೇಳು, ಹೌದಾ ಅಲ್ಲವಾ?”

ಇಡೀ ಹೋಟೆಲು ಇತ್ತ ತಿರುಗಿತು. ಗಲ್ಲಾದಲ್ಲಿದ್ದ ರುಕ್ಮಯ್ಯನವರು ಬೊಬ್ಬೆ ಎದ್ದ ಎರಡೂ ಅಂಗೈಗಳನ್ನು ಮೇಜಿನ ಅಡಿಗೆ ಎಳೆದುಕೊಂಡು ಕಾಂತಿಯನ್ನೇ ನೋಡಿದರು. ಎಂಟು ದಿನ ಮುಗಿದಿತ್ತು. ಇನ್ನು ಹೇಳಿದರೆ ಏನು? ಒಂದೇ ಒಂದು ಮಾತು ಸಾಕು. ಮಾಷ್ಟ್ರ ಮುಖ ನೋಡಬೇಕು. ನಾಳೆ ಸ್ವರ್ಣಲತಾಳ ಮುಖ ನೋಡಬೇಕು. ಕಾಂತಿ ಬಾಯಿ ತೆರೆದೇಬಿಟ್ಟಳು.

ಅಮ್ಮ ಹಲ್ಲಿಗೆ ಸಿಕ್ಕಿದ ಒಂದು ಇಡೀ ಅಕ್ಕಿಯನ್ನು ಬೆರಳಿನಲ್ಲಿ ತೆಗೆದು ನೋಡಿ, ಎಲೆಯ ಬದಿಗೆ ಇಟ್ಟಳು.

“ನಾನು ಕಡೆಯುವಾಗ ಹೀಗೆ ಕೂತು ತಿನ್ನಲಿಕ್ಕೆ ಆಗ್ಲಿಲ್ಲ ಮಾಷ್ಟ್ರೇ,” ಎಂದಳು. “ಹಾಗಾಗಿ ಹೋಲಿಸಲಿಕ್ಕೆ ಗೊತ್ತಾಗುವುದಿಲ್ಲ. ಬಿಸಿ ಉಂಟು. ಒಳ್ಳೆಯದುಂಟು.”

ಮತ್ತೆ ದೋಸೆ ಮುರಿದು, ಚಟ್ನಿಯಲ್ಲಿ ಅದ್ದಿ, ನಿಧಾನವಾಗಿ ತಿಂದಳು. ಅವಳ ಬೆನ್ನು ಗೋಡೆಗೆ ಒರಗಿತ್ತು. ಒಳಗೆ ಯಾರೋ ಪಾತ್ರೆ ಬೀಳಿಸಿದರು. ಅಮ್ಮ ಆ ಕಡೆ ತಿರುಗಿಯೂ ನೋಡಲಿಲ್ಲ.

ಈಗ ಹೇಳಿದರೆ ಎಲ್ಲರೂ ಎದ್ದು ಅಮ್ಮನ ಸುತ್ತ ನಿಲ್ಲುತ್ತಾರೆ. ಹೌದಾ, ನಿಜವಾ ಎಂದು ಕೇಳುತ್ತಾರೆ. ಮಾಷ್ಟ್ರು ಇನ್ನೊಂದು ಭಾಷಣ ಶುರುಮಾಡಿದರೂ ಮಾಡಿದರೇ. ಅಮ್ಮ ಕೈಯ ತುಂಡನ್ನು ಎಲೆಯಲ್ಲಿ ಇಟ್ಟು ಎಲ್ಲರಿಗೂ ಉತ್ತರ ಹೇಳಬೇಕು. ದೋಸೆ ಆರಿಹೋಗುತ್ತದೆ.

ಕಾಂತಿ ತೆರೆದ ಬಾಯಿಯನ್ನು ಸುಮ್ಮನೆ ಮುಚ್ಚಲಿಲ್ಲ. ಇಡೀ ಹೋಟೆಲಿಗೆ ಕೇಳುವ ಹಾಗೆ ಕೂಗಿದಳು:

“ಇಲ್ಲಿ ನನ್ನ ಅಮ್ಮನಿಗೆ ಇನ್ನೊಂದು ದೋಸೆ!”