ಬರ್ತೀನಿ ಅಂದ ಅಂಕಲ್

"ಅಂಕಲ್, ಲುಕ್! ಆ ಟರ್ಟಲ್ ನಿಮ್ಮನ್ನ ಓವರ್‌ಟೇಕ್ ಮಾಡ್ತದ!"

ಅಮೂಲ್ಯಾ ಸೈಕಲ್ ಮೇಲಿಂದಲೇ ಕಾಲುವೆಯ ಕಡೆ ಕೈ ತೋರಿಸಿ ಕೂಗಿದಳು. ನೀರಿಗೆ ಬಿದ್ದಿದ್ದ ಮರದ ದಿಮ್ಮಿಯ ಮೇಲೆ ಆಮೆಯೊಂದು ಬಿಸಿಲು ಕಾಯಿಸಿಕೊಳ್ಳುತ್ತಾ ಕೂತಿತ್ತು. ಪಾಪ, ಅದು ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ!

ಹಿಂದೆ ಬರುತ್ತಿದ್ದ ದಾನಪ್ಪ ಅಂಕಲ್ ಗಹಗಹಿಸಿ ನಕ್ಕರು. "ಅದರ ಬೆನ್ನ ಮ್ಯಾಲೆ ಮನಿ ಐತಿ, ನನ್ನ ಮುಂದ ಹೊಟ್ಟಿ ಐತಿ. ಇಬ್ರೂ ಸ್ಲೋನ!"

ಅಮೂಲ್ಯಾಗೆ ನಗು ಬರಲಿಲ್ಲ. ಅವಳಿಗೆ ಕೂತಲ್ಲಿ ಕೂರಲಾಗದಷ್ಟು ಚಡಪಡಿಕೆ. ದಾರಿ ಸಪಾಟು, ಎರಡೂ ಕಡೆ ತಂಪು ನೆರಳು, ಹೊಸ ಸೈಕಲ್ಲಿಗೆ ಏಳು ಗೇರು. ಇಷ್ಟೆಲ್ಲ ಇದ್ದೂ ಮೆಲ್ಲಗೆ ಹೋಗು ಅಂದರೆ ಯಾರಿಗೆ ತಡೆದೀತು ಹೇಳಿ! ಆದರೆ ಅಪ್ಪನ ರೂಲ್ ಅಂದರೆ ರೂಲ್. ಮೂವರೂ ಜೊತೆಗೇ ಹೋಗಬೇಕು.

ಅಮೂಲ್ಯಾ, ಅವಳ ಅಪ್ಪ ಶ್ರೀಶೈಲ್ ಮತ್ತು ಅಮ್ಮ ಡಾಲಸ್ ಹತ್ತಿರದ ಮರ್ಫಿ ಊರಿನವರು. ದಾನಪ್ಪ ಅಂಕಲ್ ಅಪ್ಪನ ಊರಿನವರೇ, ಈಗ ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನಲ್ಲಿದ್ದಾರೆ. ಬೇಸಿಗೆ ರಜೆಯಲ್ಲಿ ಟೆಕ್ಸಸ್ ಬಿಟ್ಟು ಇಷ್ಟು ದೂರದ ಮೇರಿಲ್ಯಾಂಡಿಗೆ ಬಂದು, ಹಳೇ ಕಾಲುವೆಯ ದಂಡೆ ಹಿಡಿದು ಸೈಕಲ್ಲಿನಲ್ಲೇ ವಾಷಿಂಗ್ಟನ್‌ವರೆಗೆ ಹೋಗುವ ಐಡಿಯಾ ಅವರದೇ. ಅಮ್ಮ ಲಗೇಜ್ ಹಾಕಿಕೊಂಡು ವ್ಯಾನಿನಲ್ಲಿ ರಸ್ತೆಯ ಮೇಲೆ ಬರುತ್ತಿದ್ದಳು.

"ಹಿಂದಕ ಈ ದಾರಿ ಮ್ಯಾಲೆ ಹೇಸರಗತ್ತಿ ನಡೀತಿದ್ವು," ಅಂದರು ಅಂಕಲ್. "ಹಗ್ಗ ಕಟ್ಟಿ ದೋಣಿ ಎಳೀತಿದ್ವು. ಅದಕ್ಕ ಇದು ಟೋಪಾತ್, ಎಳಿಯೋ ದಾರಿ. ಅವೇನು ನಿನ್ನಂಗ ಓಡ್ತಿದ್ದಿಲ್ಲ."

"ಐ ನೋ, ಅಂಕಲ್. ನಿನ್ನೆನೂ ಹೇಳಿದ್ರಿ!"

ಮಧ್ಯಾಹ್ನ ಒಂದು ಲಾಕ್ ಹತ್ತಿರ ಊಟಕ್ಕೆ ನಿಂತರು. ಲಾಕ್ ಅಂದರೆ ಬೀಗ ಅಲ್ಲ, ದೋಣಿಗಳನ್ನು ಮೇಲಕ್ಕೆ ಕೆಳಕ್ಕೆ ಮಾಡುತ್ತಿದ್ದ ದೊಡ್ಡ ಕಲ್ಲಿನ ತೊಟ್ಟಿ. ಪಕ್ಕದಲ್ಲೇ ಕಾರು ನಿಲ್ಲಿಸುವ ಜಾಗವಿತ್ತು. ಅಪ್ಪ ಮತ್ತು ಅಂಕಲ್ ಚಪಾತಿ ರೋಲ್ ತಿನ್ನುತ್ತಾ ಏನೋ ಮೆತ್ತಗೆ ಮಾತಾಡುತ್ತಿದ್ದರು. ಅಮೂಲ್ಯಾ ಮಾತ್ರ ಚಪಾತಿಯನ್ನು ಬಾಯಲ್ಲಿ ಕಚ್ಚಿಕೊಂಡೇ ಸೈಕಲ್ಲಿನಲ್ಲಿ ಗಿರಗಿರ ಸುತ್ತುತ್ತಿದ್ದಳು.

ಅಂಕಲ್ ಕೈಬೀಸಿ ಕರೆದರು. ಅವಳ ತಲೆ ಮೇಲೆ ಕೈಯಿಟ್ಟು, "ಹಂಗಾರ ನಾ ಬರ್ತೀನವಾ," ಅಂದರು.

"ಲಗೂ ಬರ್ರಿ, ಅಂಕಲ್! ಡೋಂಟ್ ಬಿ ಸ್ಲೋ!"

ಅಂಕಲ್ ಮತ್ತೆ ಜೋರಾಗಿ ನಕ್ಕರು. ಅಪ್ಪ, "ಮುಂದಿನ ಲಾಕ್‌ತನಕ ಫಾಸ್ಟ್ ಹೋಗು ನಡಿ," ಅಂದದ್ದೇ ತಡ, ಅಮೂಲ್ಯಾ ಬಾಣದಂತೆ ಹೊರಟಳು. ಅಬ್ಬಾ, ಕಡೆಗೂ!

ಮುಂದಿನ ಲಾಕ್ ಬಂತು. ಅಮೂಲ್ಯಾ ಕಲ್ಲಿನ ಕಟ್ಟೆಯ ಮೇಲೆ ಕೂತಳು, ಎದ್ದಳು, ನೀರಿಗೆ ಕಲ್ಲೆಸೆದಳು. ಅಪ್ಪ ಬಂದ. ಅವನ ಹಿಂದೆ ಯಾರೂ ಇರಲಿಲ್ಲ.

"ನಡಿ, ಹೋಗೋಣು. ಯಾಕ ನಿಂತಿ?"

"ಅಂಕಲ್ ಬರ್ಲಿ. ನಿಮ್ದೇ ರೂಲ್ ಅಲ್ಲಾ?"

"ಯಾವ ಅಂಕಲ್? ದಾನಪ್ಪ ಹೋದ್ನಲ್ಲವಾ! ಅವನ ಮೊಣಕಾಲು ಕೈ ಕೊಟ್ಟೈತಿ. ಅಮ್ಮ ಬಂದು ಏರ್‌ಪೋರ್ಟಿಗೆ ಬಿಡ್ತಾಳ. ರಾತ್ರಿಗೆ ಹ್ಯೂಸ್ಟನ್‌ದಾಗ ಇರ್ತಾನ."

"ಇಲ್ಲ! ಅಂಕಲ್ ನನಗ ಬರ್ತೀನಿ ಅಂತ ಹೇಳಿದ್ರು!"

ಅಪ್ಪನಿಗೆ ನಗು ತಡೆಯಲಿಲ್ಲ. "ಅಯ್ಯ ಹುಚ್ಚಿ! ನಮ್ಮಲ್ಲಿ ಹೊರಡುವಾಗ ಯಾರೂ 'ಹೋಗ್ತೀನಿ' ಅನ್ನಂಗಿಲ್ಲ. 'ಬರ್ತೀನಿ' ಅಂತಾರ. ಬೈ ಅಂದಂಗ."

ಅಮೂಲ್ಯಾಗೆ ಕನ್ನಡವೆಲ್ಲ ಅರ್ಥವಾಗುತ್ತದೆ, ಆಡುವುದು ಮಾತ್ರ ಅರ್ಧ ಇಂಗ್ಲಿಷು. ಇದೊಂದು ಮಾತು ಹೇಗೆ ತಪ್ಪಿಹೋಯಿತೋ! ಅಂಕಲ್ ಬೈ ಹೇಳಿದ್ದರು. ತಾನು ಏನು ಹೇಳಿದೆ? ಡೋಂಟ್ ಬಿ ಸ್ಲೋ!

ಅವಳಿಗೆ ಸೈಕಲ್ ಕಲಿಸಿದ್ದೇ ಈ ಅಂಕಲ್. ಶುಗರ್ ಲ್ಯಾಂಡಿನ ಅವರ ಮನೆ ಮುಂದೆ, ಉರಿಬಿಸಿಲಲ್ಲಿ, ಸೀಟು ಹಿಡಿದುಕೊಂಡು ಏದುಸಿರು ಬಿಡುತ್ತಾ ಹಿಂದೆ ಓಡಿದ್ದರು. ಅವಳು ಬಿದ್ದರೂ, ಅತ್ತರೂ, ಎಷ್ಟು ಹೊತ್ತಾದರೂ ಒಂದು ದಿನವೂ ಸ್ಲೋ ಅಂದಿರಲಿಲ್ಲ.

"ಅಪ್ಪಾ, ಫೋನ್ ಮಾಡ್ರಿ!"

ಅಪ್ಪ ಫೋನ್ ತೆಗೆದು ನೋಡಿದ. "ಸಿಗ್ನಲ್ ಇಲ್ಲವಾ."

ಅಮೂಲ್ಯಾ ಸೈಕಲ್ ತಿರುಗಿಸಿಯೇಬಿಟ್ಟಳು.

"ಏ ಅಮ್ಮೂ! ಎಲ್ಲಿಗೆ? ನಿಲ್ಲು!"

ನಿಲ್ಲುವವರು ಯಾರು? ಬರುವಾಗ ಗೊತ್ತೇ ಆಗದಿದ್ದ ದಾರಿ ಈಗ ಮುಗಿಯುತ್ತಲೇ ಇಲ್ಲ. ಮರದ ಬೇರುಗಳ ಮೇಲೆ ಸೈಕಲ್ ದಡದಡ ಕುಣಿಯಿತು. ಕೆಸರು ಮುಖಕ್ಕೆ ಸಿಡಿಯಿತು. ವ್ಯಾನ್ ಹೊರಟುಹೋಗಿದ್ದರೆ? ಅಮ್ಮ ಯಾವಾಗಲೂ ಟೈಮಿಗೆ ಸರಿಯಾಗಿ ಬರುತ್ತಾಳೆ. ಇವತ್ತೊಂದು ದಿನ ಲೇಟಾಗಲಿ, ಪ್ಲೀಸ್, ಪ್ಲೀಸ್. ಹಿಂದಿನಿಂದ ಅಪ್ಪ "ಸಾವಕಾಶ!" ಎಂದು ಕೂಗುತ್ತಿದ್ದುದು ದೂರವಾಗುತ್ತಾ ಹೋಯಿತು.

ವ್ಯಾನ್ ಇತ್ತು! ಅಮ್ಮ ಅಂಕಲ್‌ರ ಸೈಕಲ್ಲನ್ನು ಹಿಂದುಗಡೆ ಕಟ್ಟುತ್ತಿದ್ದಳು. ಅಂಕಲ್ ಬಾಗಿಲು ತೆರೆದು ಸೀಟಿನ ಮೇಲೆ ಅಡ್ಡ ಕೂತಿದ್ದರು. ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಮಡಚಿದ್ದರು. ಮೊಣಕಾಲು ಊದಿಕೊಂಡು ಕೆಂಪಗಾಗಿತ್ತು, ಅದರ ಮೇಲೆ ಐಸ್ ತುಂಬಿದ ಚೀಲ.

ಈ ಕಾಲಿನಲ್ಲೇ ಅವರು ಬೆಳಗಿನಿಂದ ಪೆಡಲ್ ತುಳಿದಿದ್ದರು. ಆಮೆ ಅಂದಾಗ ನಕ್ಕಿದ್ದರು.

"ಏನಾತವಾ? ಬಿದ್ದಿಯೇನು? ಅಪ್ಪ ಎಲ್ಲಿ?" ಅಂಕಲ್ ಗಾಬರಿಯಾದರು.

"ಹಿಂದ ಬರಾಕತ್ತಾರ." ಅಮೂಲ್ಯಾ ಸೈಕಲ್ಲನ್ನು ಅಲ್ಲೇ ಹುಲ್ಲಿನ ಮೇಲೆ ಬಿಟ್ಟಳು. ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಜೋಡಿಸಿಕೊಂಡಿದ್ದ ಸಾರಿ ಪೂರ್ತಿ ಮರೆತೇಹೋಗಿತ್ತು.

"ನೀವು ಬರ್ತೀನಿ ಅಂದ್ರಿ," ಅಂದಳು.

"ಹೌದವಾ, ಅಂದೆ."

"ಬರಲಿಲ್ಲ. ಅದಕ್ಕ ನಾನ ಬಂದೆ."

ಅಂಕಲ್ ಕೆಸರು ಮೆತ್ತಿದ ಅವಳ ಕೆನ್ನೆಯನ್ನು ಹೆಬ್ಬೆರಳಿನಿಂದ ಒರೆಸಿದರು.

ಅಮ್ಮ ವಾಚು ನೋಡಿಕೊಂಡಳು. "ಇನ್ನೂ ಟೈಮ್ ಐತಿ," ಅಂದಳು, ಯಾರೂ ಕೇಳದಿದ್ದರೂ.

ಐಸ್ ಚೀಲ ಮೊಣಕಾಲಿನಿಂದ ಜಾರುತ್ತಿತ್ತು. ಅಮೂಲ್ಯಾ ಅಂಕಲ್ ಪಕ್ಕ ಕೂತು, ಅದನ್ನು ಎರಡೂ ಕೈಯಿಂದ ಮೆತ್ತಗೆ ಒತ್ತಿ ಹಿಡಿದುಕೊಂಡಳು. ಅಪ್ಪ ಬರುವವರೆಗೂ, ಬಂದು ಸುಧಾರಿಸಿಕೊಳ್ಳುವವರೆಗೂ ಹಾಗೆಯೇ ಕೂತಿದ್ದಳು.